ಮೂರು ಸಲ ಕೂಗುವ ಅಂಗಡಿ

ಫೆಬ್ರವರಿ 3

ತಂಗಿಗೆ,

ಅಣ್ಣನಾದ ನಾನು ಈ ಮೂಲಕ ತಿಳಿಯಪಡಿಸುವುದೇನೆಂದರೆ:

ಕಳೆದ ತಿಂಗಳ ಇಪ್ಪತ್ತೊಂಬತ್ತನೆಯ ತಾರೀಖು ಬೆಳಗ್ಗೆ ಸುಮಾರು ಹತ್ತೂವರೆ ಗಂಟೆಗೆ, ನಾನು ಎಂದಿನಂತೆ ನ್ಯಾಯಾಲಯದ ಜಗಲಿಯಲ್ಲಿ ಕುಳಿತು ಕಕ್ಷಿದಾರರ ಅರ್ಜಿಗಳನ್ನು ಬರೆಯುತ್ತಿದ್ದ ವೇಳೆಯಲ್ಲಿ, ಎಂಬತ್ತೊಂದು ವರ್ಷ ವಯಸ್ಸಿನ ನಮ್ಮ ತಾಯಿಯವರು ಪಕ್ಕದ ಮನೆಯ ದರ್ಜಿಯ ಹೆಂಡತಿಯ ಜೊತೆಗೂಡಿ ರೈಲು ಹತ್ತಿ ರಾಜಧಾನಿಯಲ್ಲಿನ ನಿನ್ನ ವಾಸಸ್ಥಳಕ್ಕೆ ತೆರಳಿರುತ್ತಾರೆ. ತೆರಳುವ ಮುನ್ನ ನನ್ನನ್ನು ಕೇಳಿರುವುದಿಲ್ಲ. ಒಲೆಯ ಮೇಲಿನ ಗಂಜಿಯನ್ನು ಸಹ ಮುಟ್ಟಿರುವುದಿಲ್ಲ.

ಇದು ಅವರ ಸ್ವಂತ ಬುದ್ಧಿಯಿಂದ ಆದ ಕೆಲಸವಲ್ಲವೆಂದು ನಾನು ಬಲ್ಲೆ. ಹದಿನೇಳು ವರ್ಷಗಳ ಹಿಂದೆ ಈ ಮನೆಯ ಮಾನವನ್ನು ಗಾಳಿಗೆ ತೂರಿ ಹೊರಟವಳು ನೀನು. ಈಗ ರಾಜಧಾನಿಯ ತಿಂಡಿತೀರ್ಥಗಳ ಆಸೆ ಹುಟ್ಟಿಸಿ ಮುದುಕಿಯನ್ನೂ ಸೆಳೆದುಕೊಂಡಿರುವೆ. ಮೂವತ್ತೆಂಟು ವರ್ಷ ನ್ಯಾಯಾಲಯದ ನಕಲು ವಿಭಾಗದಲ್ಲಿ ಕುಳಿತು, ಒಂದು ಅಕ್ಷರ ಹೆಚ್ಚಿಲ್ಲದೆ ಒಂದು ಅಕ್ಷರ ಕಡಿಮೆಯಿಲ್ಲದೆ ಪ್ರತಿ ತೆಗೆದವನಿಗೆ ಜನರ ಕಪಟ ಓದಲು ಕನ್ನಡಕ ಬೇಕಿಲ್ಲ.

ಆದಕಾರಣ, ಈ ಪತ್ರ ತಲುಪಿದ ಹದಿನೈದು ದಿನಗಳೊಳಗಾಗಿ ತಾಯಿಯವರನ್ನು ಹಿಂದಿರುಗಿಸತಕ್ಕದ್ದು. ಅಲ್ಲಿಯವರೆಗೆ ಉಪ್ಪು, ಖಾರ, ಎಣ್ಣೆ ಕೊಡಕೂಡದು.

ಮತ್ತೊಂದು ಸಂಗತಿ. ನೀನು ಬರೆದ ಕಾಗದಗಳನ್ನು ಇಟ್ಟಿದ್ದ ತಗಡಿನ ಪೆಟ್ಟಿಗೆಯೂ ಮನೆಯಲ್ಲಿ ಕಾಣುತ್ತಿಲ್ಲ. ಅದನ್ನು ತೆರೆಯದೆ, ಇದ್ದ ಹಾಗೆಯೇ ಹಿಂದಕ್ಕೆ ಕಳುಹಿಸುವುದು.

ಇತಿ,
ಅಣ್ಣ


ಫೆಬ್ರವರಿ 9

ಶ್ರೀಯುತ ಅಣ್ಣನವರ ಸನ್ನಿಧಾನಕ್ಕೆ,

ನಿನ್ನ ನೋಟಿಸು ತಲುಪಿತು. ಠಸ್ಸೆ ಒಂದು ಕಡಿಮೆ ಇತ್ತು, ಅಷ್ಟೇ.

ನಾನು ಯಾರನ್ನೂ ಸೆಳೆದುಕೊಂಡಿಲ್ಲ. ಅಮ್ಮ ಬರುವುದು ನನಗೆ ಗೊತ್ತೇ ಇರಲಿಲ್ಲ. ಕೆಲಸ ಮುಗಿಸಿ ಬಂದರೆ ನಾಲ್ಕನೆಯ ಮಹಡಿಯ ನನ್ನ ಕೋಣೆಯ ಬಾಗಿಲ ಮುಂದೆ, ತಗಡಿನ ಪೆಟ್ಟಿಗೆಯ ಮೇಲೆ ಒಬ್ಬಳೇ ಕುಳಿತಿದ್ದಳು. ದರ್ಜಿಯ ಹೆಂಡತಿ ಬಾಗಿಲವರೆಗೆ ಬಿಟ್ಟು ಹೋಗಿದ್ದಳಂತೆ. ನಾಲ್ಕು ಮಹಡಿ ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಡಿದ ಮೊದಲ ಮಾತು ಏನು ಗೊತ್ತೇ?

"ಪುಟ್ಟೀ, ಒಳಗೆ ಆಮೇಲೆ ಹೋಗೋಣ. ಮೊದ್ಲು ಆ ಸೂಪಿನ ಅಂಗಡಿಗೆ ಕರ್ಕೊಂಡು ಹೋಗು."

"ಯಾವ ಸೂಪಿನ ಅಂಗಡಿ ಅಮ್ಮಾ?"

"ಅಯ್ಯೋ, ನೀನೇ ಬರ್ದಿದ್ದೀಯಲ್ಲೇ! ಮರೆವು ನಂಗೋ ನಿಂಗೋ?"

ನಾನು ಯಾವ ಸೂಪಿನ ಅಂಗಡಿಯ ವಿಷಯವನ್ನೂ ಬರೆದವಳಲ್ಲ. ವರ್ಷಕ್ಕೆ ನಾಲ್ಕು ಕಾಗದ, ಕಾಗದಕ್ಕೆ ನಾಲ್ಕು ಸಾಲು. ಅದಕ್ಕಿಂತ ಹೆಚ್ಚು ಬರೆಯಲು, ಓದುವವನು ನೀನು ಎಂಬ ಕಾರಣಕ್ಕೇ ನನ್ನ ಕೈ ಏಳುತ್ತಿರಲಿಲ್ಲ. ಪ್ರಯಾಣದ ದಣಿವು ಎಂದುಕೊಂಡು ಒಳಗೆ ಕರೆದುಕೊಂಡು ಹೋದೆ.

ಇನ್ನು ಉಪ್ಪು ಖಾರದ ವಿಷಯ. ಬಂದ ದಿನವೇ ಅಮ್ಮ ಎರಡು ಸಲ ಕೇಳಿ ಬಡಿಸಿಕೊಂಡು ಉಂಡಳು. ನಿನ್ನ ಗಂಜಿ ಹೇಗಿರುತ್ತದೆ ಎಂದು ಕೇಳಿದೆ. "ಗೋಡೆಗೆ ಬಳಿದ್ರೆ ಸುಣ್ಣ ಉಳಿಯುತ್ತೆ" ಅಂದಳು.

ಹದಿನೈದು ದಿನದಲ್ಲಿ ಕಳುಹಿಸಲು ಅವಳು ದಫ್ತರವಲ್ಲ. ಬಂದವಳು ತಾನೇ, ಹೋಗುವುದಾದರೆ ತಾನೇ ಹೋಗುತ್ತಾಳೆ.

ತಂಗಿ


ಫೆಬ್ರವರಿ 14

ತಂಗಿಗೆ,

ನಿನ್ನ ಒಂಬತ್ತನೆಯ ತಾರೀಖಿನ ಪತ್ರದಲ್ಲಿನ ವ್ಯಂಗ್ಯಕ್ಕೆ ಉತ್ತರಿಸುವುದು ನನ್ನ ಘನತೆಗೆ ತಕ್ಕುದಲ್ಲವಾದ ಕಾರಣ ಅದನ್ನು ಬಿಡಲಾಗಿದೆ.

ಸೂಪಿನ ಅಂಗಡಿಯ ಸಂಗತಿಯು ನಮ್ಮಿಬ್ಬರ ನಡುವಿನ ವ್ಯಾಜ್ಯಕ್ಕೆ ಸಂಬಂಧಪಟ್ಟುದಲ್ಲ. ಆ ಬಗ್ಗೆ ತಾಯಿಯವರನ್ನು ಪ್ರಶ್ನಿಸುವ ಅಗತ್ಯ ಕಂಡುಬರುವುದಿಲ್ಲ. ಕೇಳಿದಷ್ಟೂ ಅವರಿಗೆ ಆಯಾಸ.

ಗಂಜಿಯ ಬಗ್ಗೆ: ನನ್ನ ಹೆಂಡತಿ ತೀರಿಕೊಂಡ ಎಂಟು ವರ್ಷಗಳಿಂದ, ವೈದ್ಯರು ಬರೆದುಕೊಟ್ಟ ಚೀಟಿಯ ಪ್ರಕಾರ, ನಾನು ನನ್ನ ಕೈಯಾರೆ ಬೇಯಿಸುತ್ತ ಬಂದಿದ್ದೇನೆ. ದಿನಕ್ಕೆ ಎರಡು ಹೊತ್ತು. ಜ್ವರವಿದ್ದಾಗಲೂ ತಪ್ಪಿಸಿಲ್ಲ. ದೊಡ್ಡ ಹೋಟೆಲಿನಲ್ಲಿ ಅಧಿಕಾರ ನಡೆಸುತ್ತ ನಾಲ್ಕು ದೇಶದ ಊಟ ಉಣ್ಣುವವರಿಗೆ ಬಡವನ ಒಲೆ ನಗೆಪಾಟಲಾಗಿ ಕಾಣುವುದು ಸಹಜ.

ಪೆಟ್ಟಿಗೆ ಇನ್ನೂ ಬಂದಿಲ್ಲ. ಅದನ್ನು ಹಿಂದಿರುಗಿಸುವ ಬಗ್ಗೆ ನಿನ್ನ ಪತ್ರದಲ್ಲಿ ಚಕಾರವೂ ಇಲ್ಲ. ತಾಯಿಯವರಿಗಿಂತ ಮೊದಲು ಅದನ್ನು ಕಳುಹಿಸಿದರೂ ಆಕ್ಷೇಪಣೆಯಿಲ್ಲ.

ಇತಿ,
ಅಣ್ಣ


ಫೆಬ್ರವರಿ 22

ಅಣ್ಣಾ,

ಪೆಟ್ಟಿಗೆ, ಪೆಟ್ಟಿಗೆ! ಅದರಲ್ಲಿ ಏನು ಹೂತಿಟ್ಟಿದ್ದೀಯ ಎಂದು ನಿನ್ನೆ ತೆರೆದೆ. ನಾನು ಬರೆದ ನಲವತ್ತೆಂಟು ಕಾಗದಗಳಲ್ಲದೆ ಒಂದು ಗುಂಡುಸೂಜಿ ಸಹ ಇರಲಿಲ್ಲ.

ಓದು ಬರದ ಅಮ್ಮ ಒಂದೊಂದು ಕಾಗದವನ್ನೂ ಗುರುತಿಟ್ಟುಕೊಂಡಿದ್ದಾಳೆ. ಒಂದಕ್ಕೆ ಎಣ್ಣೆಯ ಕಲೆ, ಒಂದಕ್ಕೆ ಹಕ್ಕಿಯ ಅಂಚೆಚೀಟಿ, ಇನ್ನೊಂದರ ಮೂಲೆಯನ್ನು ಇಲಿ ಕಡಿದಿದೆ. ಇಲಿ ಕಡಿದದ್ದನ್ನು ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು.

"ಇದೇ ನೋಡು, ಸೂಪಿಂದು. ಈಗ ಓದು, ನೆನಪಾಗುತ್ತೆ."

ಓದಿದೆ. 'ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಜಾಸ್ತಿ. ಔಷಧಿ ತಪ್ಪಿಸಬೇಡ.' ಮುಗಿಯಿತು. ಅಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಕಾಗದ ಕಸಿದುಕೊಂಡು, "ಓದೋದು ಮರ್ತುಬಿಟ್ಟಿದ್ದೀಯ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಇದು ಇಲ್ಲಿಗೇ ಮುಗಿದಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಮೊನ್ನೆ ಮಧ್ಯಾಹ್ನ ಯಾರನ್ನೋ ದಾರಿ ಕೇಳಿಕೊಂಡು ನಾನು ಕೆಲಸ ಮಾಡುವ ಹೋಟೆಲಿನ ಹಿಂಬಾಗಿಲಿಗೆ ಬಂದುಬಿಟ್ಟಳು. ತಲೆಗೆ ಉದ್ದದ ಬಿಳಿ ಟೋಪಿ ಹಾಕಿದ ಮುಖ್ಯ ಅಡುಗೆಯವನನ್ನು ತಡೆದು ನಿಲ್ಲಿಸಿ, "ಏನಪ್ಪಾ, ನನ್ನ ಮಗಳು ರುಚಿ ನೋಡಿ ರುಜು ಹಾಕದೆ ನೀನು ಒಂದು ತಟ್ಟೇನೂ ಆಚೆ ಕಳಿಸೋ ಹಾಗಿಲ್ವಂತೆ? ಅವಳ ಮಾತು ಕೇಳ್ಕೊಂಡು ಹುಷಾರಾಗಿರು" ಅಂದಳಂತೆ. ನಮ್ಮ ಭಾಷೆ ಬರುವ ತರಕಾರಿ ಹೆಚ್ಚುವವನೊಬ್ಬ ಅದನ್ನು ಎಲ್ಲರಿಗೂ ತಿಳಿಸಿ ಹೇಳಿದ. ನಲವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ನನ್ನನ್ನು ಕಂಡರೆ ತಲೆ ಬಗ್ಗಿಸಿ ಚಮಚ ನೀಡುತ್ತಾರೆ, ರುಚಿ ನೋಡಿ ಅಮ್ಮಾವ್ರೇ ಎಂದು.

ಏಕೆ ನಕ್ಕರು ಎಂದು ನಿನಗೆ ಗೊತ್ತಾಗಬೇಕಲ್ಲ. ಕೇಳು, ಹೊಟ್ಟೆ ತಣ್ಣಗಾಗಲಿ. ನಾನು ಅಲ್ಲಿ ತಟ್ಟೆ ತೊಳೆಯುವವಳು. ನಾನು ನಂಬಿ ಬಂದವನು ಮೂರನೆಯ ವರ್ಷವೇ ಬಿಟ್ಟು ಹೋದ. ಅಂದಿನಿಂದ ನೆಲಮಾಳಿಗೆಯಲ್ಲಿ, ಮೊಣಕೈವರೆಗೂ ಬಿಸಿನೀರಿನಲ್ಲಿದ್ದೇನೆ. ಹೌದು, ಈ ಊರಿಗೆ ಎಲ್ಲ ದೇಶದವರೂ ಬರುತ್ತಾರೆ, ಎಲ್ಲ ದೇಶದ ಅಡುಗೆಯೂ ಆಗುತ್ತದೆ. ನನ್ನ ಹತ್ತಿರ ಬರುವಾಗ ಅದು ಎಂಜಲಾಗಿರುತ್ತದೆ. ಮೀನಿನ ಮುಳ್ಳುಗಳನ್ನು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಜೋಡಿಸಿಟ್ಟು ಏಳುವವರಿದ್ದಾರೆ. ಬಡಿಸಿದವರಿಗೆ ಗೌರವವೆಂದು ಕೊನೆಯ ತುತ್ತು ಬಿಡುವವರಿದ್ದಾರೆ. ಅದೇ ಗೌರವಕ್ಕೆ ಕೊನೆಯ ಹನಿಯನ್ನೂ ಬ್ರೆಡ್ಡಿನಲ್ಲಿ ಒರೆಸಿ ತಿನ್ನುವವರಿದ್ದಾರೆ. ಅಂಥವರ ತಟ್ಟೆ ಬಂದರೆ ನನಗೆ ಅರ್ಧ ಕೆಲಸ. ಹದಿನಾಲ್ಕು ವರ್ಷದಲ್ಲಿ ಜಗತ್ತನ್ನೆಲ್ಲ ನೋಡಿದ್ದೇನೆ, ಒಂದನ್ನೂ ತಿಂದಿಲ್ಲ.

ಹೋಟೆಲಿನಲ್ಲಿ ಕೆಲಸ ಎಂದು ಒಮ್ಮೆ ಬರೆದದ್ದು ಬಿಟ್ಟರೆ ಇದನ್ನು ನಾನು ಯಾರಿಗೂ ಬರೆದಿರಲಿಲ್ಲ. ಹಾಗಾದರೆ ರುಚಿ, ರುಜು ಎಂಬುದೆಲ್ಲ ಅಮ್ಮನ ತಲೆಗೆ ಎಲ್ಲಿಂದ ಬಂತು? ನೀನು ಹುಟ್ಟಿಸಿ ಹೇಳಿದೆ ಎನ್ನೋಣವೆಂದರೆ, ನಿನ್ನನ್ನು ನಾನು ಬಲ್ಲೆ. ನಾನು ಮನೆ ಬಿಟ್ಟ ದಿನ 'ಈ ಮನೆಗೂ ನಿನಗೂ ಯಾವ ಸಂಬಂಧವೂ ಇರತಕ್ಕದ್ದಲ್ಲ' ಎಂಬ ಕಾಗದವನ್ನು ಪಡಸಾಲೆಯಲ್ಲಿ ನಿಂತು, ಅಮ್ಮನ ಅಳುವಿನ ನಡುವೆ, ಒಂದು ಅಲ್ಪವಿರಾಮವನ್ನೂ ಬಿಡದೆ ಓದಿದವನು ನೀನು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಮನಸ್ಸು ಬೇಕು.

ಆದರೂ ಕೇಳುತ್ತಿದ್ದೇನೆ. ಹನ್ನೆರಡು ವರ್ಷ ನೀನು ಅಮ್ಮನಿಗೆ ಏನು ಓದಿದೆ? ನೇರವಾಗಿ ಹೇಳು.

ತಂಗಿ


ಫೆಬ್ರವರಿ 28

ತಂಗಿಗೆ,

ಸದರಿ ಪ್ರಶ್ನೆಗೆ ಉತ್ತರ: ನಿನ್ನಿಂದ ಬಂದ ನಲವತ್ತೆಂಟು ಪತ್ರಗಳನ್ನೂ ತಾಯಿಯವರಿಗೆ ಓದಿ ಹೇಳಲಾಗಿದೆ. ಒಂದನ್ನೂ ಮುಚ್ಚಿಟ್ಟಿರುವುದಿಲ್ಲ.

ಇನ್ನುಳಿದಂತೆ, ನಿನ್ನ ಉದ್ಯೋಗದ ವಿವರವನ್ನು ಓದಿದೆ. ಎಂಜಲು ತೊಳೆಯುವುದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇ ಎಂದು ಬರೆಯಬೇಕೆಂದಿದ್ದೆ. ಬರೆದು, ಹೊಡೆದು ಹಾಕಿ, ಇದೀಗ ಮತ್ತೆ ಬರೆದಿದ್ದೇನೆ. ನನ್ನ ಕೈಬರಹದಲ್ಲಿ ಚಿತ್ತು ಎಂಬುದು ನಿವೃತ್ತಿಗೆ ಮುಂಚೆಯಾಗಲಿ ನಂತರವಾಗಲಿ ಇದೇ ಮೊದಲು.

ಕೈಗೆ ಎಣ್ಣೆ ಹಚ್ಚುತ್ತೀಯೋ ಇಲ್ಲವೋ.

ತಾಯಿಯವರನ್ನು ಕಳುಹಿಸುವ ವಾಯಿದೆ ಮುಗಿದು ನಾಲ್ಕು ದಿನವಾಯಿತು ಎಂಬುದನ್ನು ಗಮನಿಸತಕ್ಕದ್ದು.

ಇತಿ,
ಅಣ್ಣ


ಮಾರ್ಚ್ 8

ಅಣ್ಣಾ,

ನನ್ನ ಕೈಯ ಚಿಂತೆ ನಿನಗೆ ಬೇಡ. ಹದಿನೇಳು ವರ್ಷ ತಡವಾಯಿತು.

ಅಮ್ಮ ಕಳೆದುಹೋಗಿದ್ದಳು. ಒಂದಲ್ಲ, ಎರಡು ಸಲ. ನಾನು ಕೆಲಸಕ್ಕೆ ಹೋದ ಮೇಲೆ ಬಾಗಿಲು ಎಳೆದುಕೊಂಡು ಹೊರಟಿದ್ದಾಳೆ. ಎರಡನೆಯ ಸಲ ಸಂಜೆ ಐದಕ್ಕೆ ಪೊಲೀಸಿನವನೊಬ್ಬ ಕೈಹಿಡಿದು ಕರೆತಂದ. ಊರಿನ ದೊಡ್ಡ ಚೌಕದಲ್ಲಿ ಗಡಿಯಾರದ ಕೆಳಗೆ ನಿಂತುಕೊಂಡು, ಹೋಗಿಬರುವವರನ್ನೆಲ್ಲ "ಅಡುಗೆಯವರು ಯಾವಾಗ ಬರ್ತಾರೆ?" ಎಂದು ಕೇಳುತ್ತಿದ್ದಳಂತೆ. ಅವಳ ಪ್ರಕಾರ, ಗಡಿಯಾರ ಹನ್ನೊಂದು ಹೊಡೆದಾಗ ಎಲ್ಲ ದೇಶದ ಅಡುಗೆಯವರೂ ಸೌಟು ಹಿಡಿದು ಅಲ್ಲಿಗೆ ಬರುತ್ತಾರೆ. ಒಬ್ಬರ ಪಾತ್ರೆಯದನ್ನು ಇನ್ನೊಬ್ಬರು ರುಚಿ ನೋಡಿ ದೊಡ್ಡ ಪುಸ್ತಕದಲ್ಲಿ ಸಹಿ ಮಾಡುತ್ತಾರೆ. ಬ್ರೆಡ್ಡಿನವನು ಪ್ರತಿ ಬ್ರೆಡ್ಡಿಗೂ ಮೊಹರು ಒತ್ತುತ್ತಾನೆ, ಮೊಹರಿಲ್ಲದ ಬ್ರೆಡ್ಡು ನಡೆಯುವುದಿಲ್ಲ.

ಸೂಪಿನ ಅಂಗಡಿಯಲ್ಲಿ ಒಂದು ಬೆಂಚು, ಒಬ್ಬ ಮುದುಕಿ. ಹೆಸರು ಬರೆಸಿ ಕಾಯಬೇಕು. ಒಬ್ಬ ಬಾಗಿಲಿಗೆ ಬಂದು ಹೆಸರನ್ನು ಮೂರು ಸಲ ಕೂಗುತ್ತಾನೆ.

"ಮೂರು ಸಲಾನೂ ಬರ್ಲಿಲ್ಲ ಅಂದ್ರೆ?" ಎಂದು ಕೇಳಿದೆ.

"ಸೂಪು ವಜಾ" ಅಂದಳು, ಅಷ್ಟೂ ಗೊತ್ತಿಲ್ಲವೇ ಎಂಬಂತೆ.

ಮೊದಲು ನಗು ಬಂತು. ಆಮೇಲೆ ಭಯವಾಯಿತು. ನೀನು ದಿನವಿಡೀ ಆಡುವ ಕಚೇರಿಯ ಮಾತುಗಳೆಲ್ಲ ಅವಳ ತಲೆಯೊಳಗೆ ಕಲಸುಮೇಲೋಗರವಾಗಿ ಒಂದು ಊರೇ ಎದ್ದು ನಿಂತಿದೆ. ಆ ಊರನ್ನು ಹುಡುಕಿಕೊಂಡು ಈ ಊರಿನ ಗಾಡಿಗಳ ನಡುವೆ ನಡೆಯುತ್ತಾಳೆ.

ಕಟ್ಟಡ ನೋಡಿಕೊಳ್ಳುವವಳು ನೇರವಾಗಿ ಹೇಳಿಬಿಟ್ಟಳು: "ನಿಮ್ಮಮ್ಮ ನಾಳೆ ಗಾಡಿ ಕೆಳಗೆ ಸಿಕ್ರೆ ನಮ್ಮ ಬಾಗಿಲಿಗೆ ಬರ್ತಾರೆ. ಡಾಕ್ಟ್ರಿಗೆ ತೋರ್ಸಿ, ಇಲ್ಲಾ ಕೋಣೆ ಖಾಲಿ ಮಾಡಿ." ಇಪ್ಪತ್ತನಾಲ್ಕನೆಯ ತಾರೀಖು ಆಸ್ಪತ್ರೆಯಲ್ಲಿ ಪರೀಕ್ಷೆ ಇದೆ. ಡಾಕ್ಟರಿಗೆ ಎಲ್ಲವನ್ನೂ ಹೇಳಿದ್ದೇನೆ. ಕಾಗದದಲ್ಲಿ ಇಲ್ಲದ್ದನ್ನು ಕಾಗದದಲ್ಲಿದೆ ಎನ್ನುವುದು ಒಳ್ಳೆಯ ಲಕ್ಷಣವಲ್ಲ ಅಂದರು. ಅಂದು ಸಹ ಹೀಗೇ ಮಾತಾಡಿದರೆ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಬರೆದುಕೊಡುತ್ತಾರೆ. ಆಮೇಲೆ ಎರಡೇ ದಾರಿ. ಮರೆವಿನ ಮುದುಕರನ್ನು ಬೀಗ ಹಾಕಿ ಇಟ್ಟುಕೊಳ್ಳುವ ಕಡೆ ಸೇರಿಸಬೇಕು, ಇಲ್ಲವೇ ನಿನ್ನ ಬಳಿಗೆ ಕಳುಹಿಸಬೇಕು. ಯಾವುದು ಹೆಚ್ಚು ಕೆಟ್ಟದ್ದು ಎಂದು ಯೋಚಿಸುತ್ತಿದ್ದೇನೆ.

ಅವಳಿಗೆ ಅಲ್ಲೇ ಶುರುವಾಗಿತ್ತು, ನೀನು ಮುಚ್ಚಿಟ್ಟೆ. ಅಷ್ಟಂತೂ ಖಚಿತ.

ತಂಗಿ


ಮಾರ್ಚ್ 12

ತಂಗಿಗೆ,

ಪತ್ರ ತಲುಪಿತು.

ವೈದ್ಯರು ಹಾಗೆ ಬರೆದುಕೊಡುವ ಪಕ್ಷದಲ್ಲಿ ತಾಯಿಯವರನ್ನು ಇಲ್ಲಿಗೆ ಕಳುಹಿಸತಕ್ಕದ್ದು. ನಾನು ರೈಲು ನಿಲ್ದಾಣಕ್ಕೆ ಬಂದು ಕರೆದೊಯ್ಯುತ್ತೇನೆ. ಅವರ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದ್ದೇನೆ. ಗಂಜಿಗೆ ಸ್ವಲ್ಪ ಉಪ್ಪು ಹಾಕಬಹುದೆಂದು ಇಲ್ಲಿನ ವೈದ್ಯರನ್ನು ಕೇಳಿ ಒಪ್ಪಿಸಿದ್ದೇನೆ.

ಬೀಗ ಹಾಕುವ ಕಡೆಗೆ ಮಾತ್ರ ಬೇಡ.

ಇತಿ,
ಅಣ್ಣ


ಮಾರ್ಚ್ 17

ಅಣ್ಣಾ,

ನಿನ್ನ ಹಾಸಿಗೆ ಒಣಗಿದೆ ಎಂದು ತಿಳಿದು ಸಂತೋಷ. ನಿನಗೆ ಬೇಕಾದದ್ದು ಸಿಗುತ್ತಿದೆ, ಒಂದು ಮಾತಿಗೂ ಅಡ್ಡ ಹೇಳಲಿಲ್ಲ ನೀನು. ಅಮ್ಮನಿಗೆ ತಲೆ ಸರಿಯಿಲ್ಲ ಎಂದರೆ 'ಸುಳ್ಳು' ಎಂದು ಕೂಗಾಡುತ್ತೀಯ ಅಂದುಕೊಂಡಿದ್ದೆ.

ಪರೀಕ್ಷೆಯ ವಿಷಯ ಅವಳಿಗೆ ಹೇಳಿದೆ. ಅತ್ತರೆ ಚೆನ್ನಾಗಿತ್ತು. ಅಳಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು:

"ನಂಗೆ ಹುಚ್ಚು ಅಂತ ಬರ್ಸೋಕೆ ಮುಂಚೆ ದೊಡ್ಡವನನ್ನು ಒಂದು ಮಾತು ಕೇಳು. ಇದನ್ನೆಲ್ಲ ಓದಿದ್ದು ಅವನೇ ತಾನೆ? ಅವನು ಕೆಟ್ಟವನೇ ಇರ್ಬಹುದು, ಮೊಂಡನೇ ಇರ್ಬಹುದು. ಆದ್ರೆ ಮೂವತ್ತೆಂಟು ವರ್ಷದಲ್ಲಿ ಒಂದಕ್ಷರ ತಪ್ಪಿ ಓದಿದವನಲ್ಲ. ಅವನು ಇಲ್ಲ ಅಂದ್ರೆ, ಆಗ ಇಲ್ಲ ಅಂತ ಒಪ್ಕೋತೀನಿ. ಎಲ್ಲಿಗೆ ಬೇಕಾದ್ರೂ ಸೇರ್ಸು."

ಕೇಳಬೇಕೆಂದಳು, ಕೇಳಿದ್ದೇನೆ. ಕಳುಹಿಸು ಎಂದು ಬರೆದು ನೀನು ಈಗಾಗಲೇ ಉತ್ತರ ಕೊಟ್ಟಿದ್ದೀಯ ಎಂದು ಅವಳಿಗೆ ಇನ್ನೂ ಹೇಳಿಲ್ಲ. ಮೂರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ತಂಗಿ


ಮಾರ್ಚ್ 19
(ತುರ್ತು ಅಂಚೆ)

ತಂಗಿಗೆ,

ಕೆಳಗೆ ಸಹಿ ಮಾಡಿರುವ ನಾನು, ಯಾರ ಬಲವಂತಕ್ಕೂ ಒಳಪಡದೆ, ಪೂರ್ಣ ಪ್ರಜ್ಞೆಯಿಂದ ಬರೆದುಕೊಡುವ ಹೇಳಿಕೆ ಏನೆಂದರೆ:

ಅಮ್ಮನ ಬುದ್ಧಿ ಸ್ಥಿಮಿತದಲ್ಲಿದೆ. ಆ ಊರನ್ನು ಕಟ್ಟಿದವನು ನಾನು.

ನೀನು ಹೋದ ಮೇಲೆ ಐದು ವರ್ಷ ಕಾಗದವಿರಲಿಲ್ಲ. ಆ ಐದು ವರ್ಷದಲ್ಲಿ ಅಮ್ಮ ಉಣ್ಣುವುದು ಕಡಿಮೆ ಮಾಡುತ್ತ ಬಂದಳು. ತುತ್ತು ಎಣಿಸಿ ಉಣ್ಣುವಳು. ಆರಾದ ಮೇಲೆ ತಟ್ಟೆ ದೂಡುವಳು. ನನ್ನ ಹೆಂಡತಿ ಆಗ ಇದ್ದಳು, ಅವಳ ಕೈರುಚಿ ನಿನಗೆ ಗೊತ್ತು. ಅದೂ ನಡೆಯಲಿಲ್ಲ. ಆರನೆಯ ವರ್ಷ ನಿನ್ನ ಮೊದಲ ಕಾಗದ ಬಂತು. ಅಮ್ಮ ತಟ್ಟೆಯ ಮುಂದೆ ಕುಳಿತಿದ್ದಳು. ಇದ್ದುದನ್ನು ಇದ್ದ ಹಾಗೆ ಓದಿದೆ. ನಾಲ್ಕು ಸಾಲು. ಓದಿ ಮುಗಿಸುವಾಗ ಅವಳ ಕೈಯ ತುತ್ತು ಇನ್ನೂ ಬಾಯಿಗೆ ಹೋಗಿರಲಿಲ್ಲ.

"ಇಷ್ಟೇನಾ?" ಅಂದಳು.

ನಾನು ಕಾಗದವನ್ನು ತಿರುವಿದೆ. ಹಿಂಬದಿ ಖಾಲಿಯಿತ್ತು. ಮೂವತ್ತೆಂಟು ವರ್ಷ ಎದುರಿಗೆ ಇದ್ದುದನ್ನು ಮಾತ್ರ ಬರೆದ ಕೈ ಇದು. ಆದರೆ ಅಮ್ಮ ನೋಡುತ್ತಿದ್ದಳು. "ಇನ್ನೂ ಇದೆ" ಎಂದೆ. ಖಾಲಿಯನ್ನೇ ಓದಿದೆ.

ಏನು ಓದುವುದು? ರಾಜಧಾನಿಯನ್ನು ನಾನು ಕಂಡವನಲ್ಲ. ನಾನು ಕಂಡದ್ದು ಒಂದು ನ್ಯಾಯಾಲಯವನ್ನು. ಅಲ್ಲಿ ಜನ ಸಾಲಾಗಿ ಕಾಯುತ್ತಾರೆ, ಜವಾನ ಹೊರಗೆ ಬಂದು ಹೆಸರನ್ನು ಮೂರು ಸಲ ಕೂಗುತ್ತಾನೆ. ಆದ್ದರಿಂದ ನನ್ನ ಸೂಪಿನ ಅಂಗಡಿಯಲ್ಲೂ ಕೂಗಿದರು. ಮೊಹರು, ರುಜು, ದೊಡ್ಡ ಪುಸ್ತಕ, ನನ್ನ ಬಳಿ ಇದ್ದ ಸಾಮಾನು ಅಷ್ಟೇ. ಅದರಿಂದಲೇ ಅಡುಗೆ ಮಾಡಿ ಬಡಿಸಿದೆ. ಆ ದಿನ ಅಮ್ಮ ಹನ್ನೊಂದು ತುತ್ತು ಉಂಡಳು. ಎಣಿಸಿದವನು ನಾನು. ಅವಳು ಎಣಿಸಲಿಲ್ಲ.

ಆಮೇಲೆ ಬಿಡಲಾಗಲಿಲ್ಲ. ಒಂದೇ ಕಾಗದವನ್ನು ಮೂರು ತಿಂಗಳು ಓದಿದೆ, ದಿನಕ್ಕೊಂದಿಷ್ಟು. ನಿನ್ನನ್ನು ರುಚಿ ನೋಡುವ ಅಧಿಕಾರಿಯನ್ನಾಗಿ ಮಾಡಿದವನೂ ನಾನೇ. ಮಗಳು ದೊಡ್ಡ ಸ್ಥಾನದಲ್ಲಿದ್ದಾಳೆ ಎಂದರೆ ಅಮ್ಮ ಎರಡು ತುತ್ತು ಹೆಚ್ಚು ಉಣ್ಣುವಳೆಂದು. ನಿನ್ನನ್ನು ಈ ಮನೆಯಿಂದ ಹೊರಗೆ ಹಾಕಿದವನು ದಿನಕ್ಕೆ ಎರಡು ಹೊತ್ತು ನಿನ್ನ ಹಿರಿಮೆಯನ್ನು ಕೊಂಡಾಡುತ್ತಿದ್ದೆ. ನನಗೆ ಎಷ್ಟು ಹೊಟ್ಟೆಯುರಿಯುತ್ತಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಊರನ್ನು ಅತಿಯಾಗಿ ಚೆನ್ನಾಗಿ ಕಟ್ಟಿಬಿಟ್ಟೆ. ಅಮ್ಮ ಅಲ್ಲಿಗೇ ಹೊರಟುಬಿಟ್ಟಳು. ಸೆಳೆದವಳು ನೀನು ಎಂದು ಬರೆದೆ. ಸೆಳೆದವನು ನಾನು.

ಹನ್ನೆರಡನೆಯ ತಾರೀಖಿನ ನನ್ನ ಪತ್ರದ ಬಗ್ಗೆ: ಸುಮ್ಮನಿದ್ದರೆ ಅಮ್ಮ ಹಿಂದಿರುಗುತ್ತಾಳೆಂದು ಲೆಕ್ಕ ಹಾಕಿದ್ದು ನಿಜ. ಹುಚ್ಚಿಯೆಂದು ಬಂದರೂ ಬರಲಿ, ಬಂದರೆ ಸಾಕು ಎಂದುಕೊಂಡೆ. ಒಂದು ವಾರ ಹಾಗೆಯೇ ಇದ್ದೆ. ಒಂದಕ್ಷರ ತಪ್ಪಿ ಓದಿದವನಲ್ಲ ಎಂದು ಅಮ್ಮ ನನ್ನ ಮೇಲೆ ಆಣೆಯಿಟ್ಟಂತೆ ಹೇಳಿದ್ದನ್ನು ಓದಿದ ಮೇಲೆ ಇರಲಾಗಲಿಲ್ಲ.

ಪ್ರಾರ್ಥನೆ: ಈ ಹೇಳಿಕೆಯನ್ನು ಇಪ್ಪತ್ತನಾಲ್ಕರೊಳಗೆ ವೈದ್ಯರ ಮುಂದೆ ಹಾಜರುಪಡಿಸುವುದು. ಅಮ್ಮನ ಮುಂದೆ ಓದಿ ಹೇಳುವುದು. ನನಗಾಗಿ ಏನನ್ನೂ ಬೇಡಿರುವುದಿಲ್ಲ.

ಇತಿ,
ಅಣ್ಣ


ಮಾರ್ಚ್ 30

ಅಣ್ಣಾ,

ನಿನ್ನ ಹೇಳಿಕೆಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟೆ. ನಮ್ಮ ಭಾಷೆ ಬಲ್ಲವರು, ಎರಡು ಸಲ ಓದಿದರು. ಅಮ್ಮನನ್ನು ಇವತ್ತು ಯಾವ ವಾರ, ಇಪ್ಪತ್ತರಲ್ಲಿ ಮೂರು ಕಳೆದರೆ ಎಷ್ಟು ಎಂದೆಲ್ಲ ಕೇಳಿದರು. ಅಮ್ಮ ಎಲ್ಲಕ್ಕೂ ಸರಿಯಾಗಿ ಹೇಳಿ, "ನಿಂಗೆ ಇನ್ನೂ ಮದುವೆ ಆಗಿಲ್ವಾ?" ಎಂದು ತಿರುಗಿ ಕೇಳಿದಳು. ತಲೆ ನೆಟ್ಟಗಿದೆ ಎಂದು ಬರೆದುಕೊಟ್ಟಿದ್ದಾರೆ. ಪರೀಕ್ಷೆ ಬೇಕಾಗಿರುವುದು ಮಗನಿಗೆ ಅಂದರು. ಅದನ್ನು ಬರೆದು ಕೊಡಿ ಎಂದೆ, ಕೊಡಲಿಲ್ಲ.

ಹಿಂದಿನ ದಿನವೇ ಅಮ್ಮನ ಮುಂದೆ ಅದನ್ನು ಓದಿದ್ದೆ. ಇದ್ದುದನ್ನು ಇದ್ದ ಹಾಗೆ. ನಾನು ನಿನ್ನಂತಲ್ಲ. ಕೇಳಿ ಮುಗಿಸಿ ಪೆಟ್ಟಿಗೆಯ ಮುಚ್ಚಳ ತೆರೆದಳು.

"ಗಡಿಯಾರದ ಚೌಕದ ಅಡುಗೆಯವರೂ ಇಲ್ವಾ?"

"ಇಲ್ಲ ಅಮ್ಮಾ."

"ಆ ಮೊಹರಿನ ಬ್ರೆಡ್ಡಿನವನು?"

"ಅವನೂ ಇಲ್ಲ."

"ಹಾಗಾದ್ರೆ ನೀನು ಬರ್ದಿದ್ದೇನು? ಎಲ್ಲಾ ಓದು."

ಓದಿದೆ. ನಾನು ಚೆನ್ನಾಗಿದ್ದೇನೆ, ಔಷಧಿ ತಪ್ಪಿಸಬೇಡ. ನಾನು ಚೆನ್ನಾಗಿದ್ದೇನೆ, ಔಷಧಿ ತಪ್ಪಿಸಬೇಡ. ಹದಿನೈದೋ ಹದಿನಾರೋ ಆಗುವಾಗ ಅಮ್ಮ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ತಟ್ಟೆ ತೊಳೆಯುವ ಸೋಡಾದ ನೀರಿಗೆ ಬಿರಿದ ಬೆರಳುಗಳು.

"ಸಾಕು, ನಿಲ್ಸು. ನೀನು ಬರ್ದಿದ್ದೂ ಸುಳ್ಳು, ಅವನು ಓದಿದ್ದೂ ಸುಳ್ಳು. ಅವನ ಸುಳ್ಳಲ್ಲಿ ಊಟ ಆದ್ರೂ ಇತ್ತು."

ಈ ಮಾತಿಗೆ ನಿನ್ನನ್ನು ನಾನು ಕ್ಷಮಿಸುವುದಿಲ್ಲ. ಅಮ್ಮನ ಮುಂದೆ ನಿನಗಿಂತ ಸಣ್ಣವಳಾಗಿ ಕುಳಿತೆ.

ಹಿಂದಿರುಗುತ್ತೀಯಾ ಎಂದು ಕೇಳಿದೆ. ಇಲ್ಲವೆಂದಳು. "ಇಷ್ಟು ದೂರ ಬಂದು ಏನೂ ತಿನ್ನದೆ ಹೋಗ್ಲಾ?" ಎಂಬುದು ಕಾರಣ. ನಿನ್ನ ಹಾಸಿಗೆಯನ್ನು ಮಡಚಿಡು.

ಇನ್ನೊಂದನ್ನು ಬರೆಯಬಾರದೆಂದಿದ್ದೆ. ಕಳೆದ ಭಾನುವಾರ ನನಗೆ ರಜೆ. ಜೊತೆಯಲ್ಲಿ ತಟ್ಟೆ ಒರೆಸುವವಳು ಹೇಳಿದಳೆಂದು ಅಮ್ಮನನ್ನು ತರಕಾರಿ ಪೇಟೆಯ ಹಿಂದಿನ ಸಂದಿಗೆ ಕರೆದುಕೊಂಡು ಹೋದೆ. ಸಂದಿಯಲ್ಲಿ ಒಂದು ಬಾಗಿಲು, ಬಾಗಿಲ ಹೊರಗೆ ಒಂದು ಬೆಂಚು. ಒಳಗೆ ಯಾವುದೋ ದೂರದೇಶದ ಮುದುಕಿ ಒಬ್ಬಳೇ, ಒಂದೇ ದೊಡ್ಡ ಪಾತ್ರೆ. ಕೈಗೆ ಸಂಖ್ಯೆಯ ತಗಡಿನ ಬಿಲ್ಲೆ ಕೊಟ್ಟು ಕೂರಿಸಿದಳು. ಬೆಂಚಿನ ಮೇಲೆ ನಾಲ್ಕು ಭಾಷೆ ಮಾತಾಡುತ್ತಿದ್ದವು, ಒಂದೂ ನಮ್ಮದಲ್ಲ. ಸ್ವಲ್ಪ ಹೊತ್ತಿಗೆ ಮುದುಕಿ ಬಾಗಿಲಿಗೆ ಬಂದು ತನ್ನ ಭಾಷೆಯಲ್ಲಿ ಏನೋ ಕೂಗಿದಳು. ನಮಗೆ ತಿಳಿಯಲಿಲ್ಲ, ಯಾರೂ ಏಳಲಿಲ್ಲ. ಇನ್ನೊಂದು ಸಲ ಕೂಗಿದಳು. ಅಮ್ಮ ನನ್ನ ಮೊಣಕೈ ಒತ್ತಿ ಹಿಡಿದಳು. ಮೂರನೆಯ ಸಲ ಕೂಗಿದಾಗ ಅಮ್ಮ ಎದ್ದು ನಿಂತು, ನ್ಯಾಯಾಧೀಶರ ಮುಂದೆ ಹೇಳುವಂತೆ, "ಹಾಜರ್!" ಅಂದಳು.

ಬೆಂಚಿನವರೆಲ್ಲ ತಿರುಗಿ ನೋಡಿದರು. ಮುದುಕಿ ನಕ್ಕಳು, ಅಮ್ಮನ ಕೈಹಿಡಿದು ಒಳಗೆ ಕರೆದುಕೊಂಡಳು. ಇಷ್ಟು ದೊಡ್ಡ ಊರಿನಲ್ಲಿ ಯಾರ ಸುಳ್ಳಿಗಾದರೂ ಒಂದು ಸಂದಿ ಸಿಗುತ್ತದೆ, ನಿನ್ನ ಹೆಚ್ಚುಗಾರಿಕೆ ಏನಿಲ್ಲ.

ಈ ಊರಿನಲ್ಲಿ ಇನ್ನೊಬ್ಬರು ಬಡಿಸಿದ ಬಿಸಿ ತಟ್ಟೆಯ ಮುಂದೆ ನಾನು ಕುಳಿತದ್ದು ಅದೇ ಮೊದಲು. ಸೂಪು ಹೇಗಿತ್ತು ಎಂದು ಬರೆಯುವುದಿಲ್ಲ. ನೀನೇ ಕಟ್ಟಿದ ಅಂಗಡಿ. ರುಚಿ ನಿನಗೆ ಗೊತ್ತಿರಬೇಕು.

ತಂಗಿ


ಏಪ್ರಿಲ್ 5

ತಂಗಿಗೆ,

ಮೂವತ್ತನೆಯ ತಾರೀಖಿನ ನಿನ್ನ ಪತ್ರ ಎರಡೂ ಬದಿ ತುಂಬಿ ಬಂದಿದೆ. ಹದಿನೇಳು ವರ್ಷದಲ್ಲಿ ಇದೇ ಮೊದಲೆಂದು ದಾಖಲಿಸಲಾಗಿದೆ.

ಸದರಿ ಅಂಗಡಿಯ ವಿಷಯದಲ್ಲಿ ನೀನು ಬೇಕೆಂದೇ ಮುಖ್ಯ ಸಂಗತಿಯನ್ನು ಬಚ್ಚಿಟ್ಟಿರುವ ಕಾರಣ, ಸ್ಥಳ ಪರಿಶೀಲನೆಯ ಹೊರತು ಬೇರೆ ದಾರಿ ಕಾಣುವುದಿಲ್ಲ. ಹದಿನಾಲ್ಕನೆಯ ತಾರೀಖಿನ ರೈಲಿಗೆ ಹೊರಡುತ್ತಿದ್ದೇನೆ. ಇದನ್ನು ರಾಜಿ ಎಂದು ತಿಳಿಯತಕ್ಕದ್ದಲ್ಲ. ನೀನು ಕ್ಷಮಿಸುವುದಿಲ್ಲ ಎಂದು ಬರೆದಿರುವೆ. ನಾನೂ ಕೇಳಿರುವುದಿಲ್ಲ.

ಪಡಸಾಲೆಯಲ್ಲಿ ಅಂದು ಓದಿದ ಕಾಗದದ ಮೂಲ ನನ್ನ ಬಳಿಯೇ ಇದೆ, ಅದನ್ನು ತರುತ್ತೇನೆ. ದಾಖಲೆ ಹರಿಯುವುದು ನನ್ನ ಕೈಗೆ ಅಭ್ಯಾಸವಿಲ್ಲದ ಕೆಲಸ. ಅದನ್ನು ನೀನು ಮಾಡತಕ್ಕದ್ದು.

ನಾಲ್ಕನೆಯ ಮಹಡಿಗೆ ಬಂದು ನಿನ್ನ ಬಾಗಿಲ ಹೊರಗೆ ನಿಲ್ಲುತ್ತೇನೆ. ತಟ್ಟುವುದಿಲ್ಲ. ಕೂಗುವುದು ಬಿಡುವುದು ನಿನ್ನ ಇಷ್ಟ. ಮೂರು ಸಲ ಕೂಗಿದ ಹೊರತು ಒಳಗೆ ಬರುವವನಲ್ಲ.

ಈ ಕಾಗದದ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇನೆ. ಅಮ್ಮನಿಗೆ ಅದನ್ನು ನೀನು ಓದು.

ಇತಿ,
ಅಣ್ಣ